ಬಿಸಿ ಆದ್ರೆ ಡೆನ್ಸಿಟಿ ಯಾಕೆ ಕಮ್ಮಿ ಆಗತ್ತೆ? ಎಣ್ಣೆ ಪ್ಯಾಕೆಟ್, ಪೆಟ್ರೋಲ್ ಬಂಕ್, ಹಾಲಿನ ಡೈರಿ, ವಿಮಾನ: ಪದೇ ಪದೇ ಕೇಳೋ ಪ್ರಶ್ನೆಗಳು

ಬಿಸಿ ಮಾಡಿದ ತಕ್ಷಣ ವಸ್ತುವಿನ ತೂಕ ಕಮ್ಮಿ ಆಗತ್ತಾ?

ಇಲ್ಲ. ತೂಕ ಅಷ್ಟೇ ಇರತ್ತೆ, ಜಾಗ ಜಾಸ್ತಿ ತಗೊಳತ್ತೆ. ಡೆನ್ಸಿಟಿ ಅಂದ್ರೆ ಸಾಂದ್ರತೆ, ಇಷ್ಟು ಜಾಗದಲ್ಲಿ ಎಷ್ಟು ಮಾಲು ತುಂಬಿದೆ ಅನ್ನೋ ಲೆಕ್ಕ, ಅಂದ್ರೆ ಮಾಸ್ ಭಾಗಿಸು ವಾಲ್ಯೂಮ್. ಮೇಲಿನ ಸಂಖ್ಯೆ ಹಂಗೇ ಇದ್ದು ಕೆಳಗಿನದು ದೊಡ್ಡದಾದ್ರೆ ಉತ್ತರ ಚಿಕ್ಕದಾಗಲೇಬೇಕಲ್ವಾ.

ಜಾಗ ಯಾಕೆ ಜಾಸ್ತಿ ಬೇಕಾಗತ್ತೆ ಅಂದ್ರೆ, ಟೆಂಪರೇಚರ್ ಅನ್ನೋದೇ ಒಳಗಿರೋ ಕಣಗಳ ಓಡಾಟದ ಅಳತೆ. ಜಾತ್ರೆಯಲ್ಲಿ ಜನ ಸುಮ್ನೆ ನಿಂತಿದ್ರೆ ಒಂದು ಅಂಗಳದಲ್ಲಿ ನೂರಾರು ಜನ ಹಿಡೀತಾರೆ, ಅವರೇ ಡೊಳ್ಳು ಕಟ್ಕೊಂಡು ಕುಣಿಯೋಕೆ ಶುರು ಮಾಡಿದ್ರೆ ಅದೇ ಅಂಗಳ ಸಾಲಲ್ಲ, ಅಕ್ಕಪಕ್ಕದವರು ತಾವಾಗೇ ದೂರ ಸರೀತಾರೆ. ಕಣಗಳದ್ದೂ ಇದೇ ಕತೆ, ಬಿಸಿ ಏರಿದಂಗೆ ಒಂದಕ್ಕೊಂದು ಸರಾಸರಿ ದೂರ ಜಾಸ್ತಿ ಆಗತ್ತೆ.

ಈ ಪೇಜಲ್ಲಿ ನಾನು ಹೇಳಬೇಕು ಅಂದ್ಕೊಂಡಿರೋದು ಒಂದೇ ವಿಷ್ಯ, ಅದನ್ನ ಇಲ್ಲೇ ಹೇಳ್ಬಿಡ್ತೀನಿ: ಪಕ್ಕದಲ್ಲಿ ಟೆಂಪರೇಚರ್ ಬರೀದೇ ಇರೋ ಡೆನ್ಸಿಟಿ ಅರ್ಧ ಮಾಹಿತಿ. ಲೀಟರ್ ಲೆಕ್ಕದಲ್ಲಿ ದುಡ್ಡು ಕೊಡೋ ಕಡೆ ಎಲ್ಲ ಈ ಉಳಿದರ್ಧ ಯಾರ ಜೇಬಲ್ಲಿದೆ ಅಂತ ನೋಡ್ಬೇಕು.

ಎಲ್ಲಾ ವಸ್ತುಗೂ ಒಂದೇ ಥರ ಕಮ್ಮಿ ಆಗತ್ತಾ?

ಇಲ್ಲ, ತುಂಬಾ ವ್ಯತ್ಯಾಸ ಇದೆ. ಕಬ್ಬಿಣ, ಕಲ್ಲು, ಗಾಜು ಇಂಥ ಘನವಸ್ತುಗಳಲ್ಲಿ ಕಣಗಳು ಗಟ್ಟಿಯಾಗಿ ಕಟ್ಟಿಹಾಕಿದಂಗೆ ಇರೋದ್ರಿಂದ ಅಲುಗಾಡೋಕೆ ಜಾಸ್ತಿ ಅವಕಾಶ ಇಲ್ಲ, ಸ್ಟೀಲ್ 20 ಡಿಗ್ರಿಯಿಂದ 60ಕ್ಕೆ ಹೋದ್ರೂ ಡೆನ್ಸಿಟಿ 7850ರಿಂದ 7839ರ ಹತ್ರ ಬರತ್ತೆ ಅಷ್ಟೇ, ಅಂದ್ರೆ ಸಾವಿರಕ್ಕೆ ಒಂದೂವರೆ ಭಾಗಾನೂ ಇಲ್ಲ (ಇಲ್ಲೂ ಮುಂದೂ ಲೆಕ್ಕ ಎಲ್ಲ ಒಂದು ಕ್ಯೂಬಿಕ್ ಮೀಟರಿಗೆ ಇಷ್ಟು ಕೆಜಿ ಅಂತ). ದ್ರವಗಳು ಇದರ ಹತ್ತಿಪ್ಪತ್ತು ಪಟ್ಟು ಆರಾಮಾಗಿ ಹಿಗ್ಗತ್ವೆ. ಗಾಳಿ ಅಂತೂ ಕೇಳೋದೇ ಬೇಡ. ಸಮುದ್ರ ಮಟ್ಟದ ಒಣ ಗಾಳಿ 0 ಡಿಗ್ರಿಲಿ 1.29 ಕೆಜಿ, 40 ಡಿಗ್ರಿಲಿ 1.13 ಕೆಜಿ, ಹತ್ತತ್ರ 13 ಪರ್ಸೆಂಟ್ ಹೋಯ್ತು.

ಪಾದರಸ ಮಧ್ಯದ್ದು, 0 ಡಿಗ್ರಿಲಿ 13595, 20ರಲ್ಲಿ 13546. ಈ ಸಣ್ಣ ಹಿಗ್ಗುವಿಕೆನ ಕೂದಲೆಳೆಯಷ್ಟು ಸಣ್ಣ ಗಾಜಿನ ಕೊಳವೆಗೆ ತಳ್ಳಿ ಕಣ್ಣಿಗೆ ಕಾಣೋ ಥರ ಮಾಡಿದ್ದೇ ಹಳೇ ಥರ್ಮಾಮೀಟರ್.

ಅಡುಗೆ ಎಣ್ಣೆ ಪ್ಯಾಕೆಟ್ ಮೇಲೆ ಟೆಂಪರೇಚರ್ ಬರೀತಿದ್ರಲ್ಲ, ಅದು ಏನು ಗಲಾಟೆ?

ಇದು ನಂಗೆ ಭಾರಿ ಇಷ್ಟದ ಪ್ರಶ್ನೆ, ಯಾಕಂದ್ರೆ ಹೈಸ್ಕೂಲ್ ಫಿಸಿಕ್ಸ್ ನೇರವಾಗಿ ದಿನಸಿ ಅಂಗಡಿಗೆ ಬಂದು ಕೂತಿರೋ ಕೇಸ್ ಇದು. ಕೆಲವು ಕಂಪನಿಗಳು ಪ್ಯಾಕೆಟ್ ಮೇಲೆ ದೊಡ್ಡದಾಗಿ 1 ಲೀಟರ್ ಅಂತ ಹಾಕಿ, ಪಕ್ಕದಲ್ಲಿ ಇರುವೆ ಸೈಜಲ್ಲಿ ಇಷ್ಟು ಡಿಗ್ರಿಯಲ್ಲಿ ಪ್ಯಾಕ್ ಮಾಡಿದ್ದು ಅಂತ ಬರೀತಿದ್ವು, ಕೆಲವರು 60 ಡಿಗ್ರಿ ತನಕ ಹೋಗಿದ್ರು. 60 ಡಿಗ್ರಿಲಿ ಎಣ್ಣೆ ಹಿಗ್ಗಿರತ್ತೆ, ಕಮ್ಮಿ ಎಣ್ಣೆಗೇ 1 ಲೀಟರ್ ತುಂಬಿಬಿಡತ್ತೆ, ನಾವು ಮನೆಗೆ ತಂದು ಇಡೋದು 25-30 ಡಿಗ್ರಿಲಿ, ಅಷ್ಟೊತ್ತಿಗೆ ಅದು ಕುಗ್ಗಿ ಒಂದು ಲೀಟರಿಗಿಂತ ಕಮ್ಮಿ ಆಗಿರತ್ತೆ. ಸುಳ್ಳು ಹೇಳಿದಂಗೂ ಅಲ್ಲ, ನಿಜ ಹೇಳಿದಂಗೂ ಅಲ್ಲ.

ಲೆಕ್ಕ ನೋಡಿ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ಸೋಯಾಬೀನ್ ಎಣ್ಣೆಯದ್ದೇ ಉದಾಹರಣೆ ಕೊಟ್ಟಿತ್ತು, 1 ಲೀಟರ್ 21 ಡಿಗ್ರಿಲಿ ಪ್ಯಾಕ್ ಮಾಡಿದ್ರೆ 919 ಗ್ರಾಂ, 60 ಡಿಗ್ರಿಲಿ ಮಾಡಿದ್ರೆ 892.6 ಗ್ರಾಂ. ವ್ಯತ್ಯಾಸ 26 ಗ್ರಾಂ ಚಿಲ್ಲರೆ. ಲೀಟರಿಗೆ 150 ರೂಪಾಯಿ ಅಂತ ಇಟ್ಕೊಂಡ್ರೆ ನಾಲ್ಕು ರೂಪಾಯಿ, ಒಂದು ಮನೆಗೆ ಅದೇನು ದೊಡ್ಡದಲ್ಲ, ಆದ್ರೆ ಲಕ್ಷಾಂತರ ಪ್ಯಾಕೆಟ್ ಮಾರೋನಿಗೆ ಅದು ಎಷ್ಟಾಗತ್ತೆ ಅಂತ ನೀವೇ ಗುಣಿಸಿ. ಆಗಲೇ ಇಲಾಖೆ, ವಾಲ್ಯೂಮ್ ಬರೆಯೋವಾಗ ಟೆಂಪರೇಚರ್ ಹೆಸರು ಎತ್ತಬೇಡಿ, ತೂಕಾನೂ ಜೊತೆಗೆ ಬರೀರಿ, ಬರೆದ ಲೀಟರಿಗೂ ತೂಕಕ್ಕೂ ತಾಳೆ ಆಗಬೇಕು ಅಂತ ಹೇಳಿ 2023ರ ಜನವರಿ 15ರ ತನಕ ಟೈಮ್ ಕೊಟ್ಟಿದ್ದು.

ನಿಮಗೆ ಬೇಕಾಗಿರೋದು ಇಷ್ಟೇ, ಲೀಟರ್ ನೋಡಬೇಡಿ, ಗ್ರಾಂ ನೋಡಿ. ಸಾಮಾನ್ಯವಾಗಿ 1 ಲೀಟರ್ ಪ್ಯಾಕೆಟ್ ಮೇಲೆ 910 ಗ್ರಾಂ ಅಂತ ಇರತ್ತೆ, ಅದು ನಮ್ಮ ಹವಾಮಾನಕ್ಕೆ ನ್ಯಾಯವಾದ ಲೆಕ್ಕ. ನೋಡೋಕೆ ಲೀಟರ್ ಪ್ಯಾಕೆಟ್ ಥರಾನೇ ಇದ್ದು 850 ಗ್ರಾಂ ಅಂತ ಬರೆದಿದ್ರೆ ಅದಕ್ಕೆ ಟೆಂಪರೇಚರ್ ಮೇಲೆ ತಪ್ಪು ಹೊರಿಸಬೇಡಿ, ಅದು ಸೀದಾ ಸೀದಾ ಕಮ್ಮಿ ಎಣ್ಣೆ.

ಬೆಳಿಗ್ಗೆ ಬೇಗ ಹೋಗಿ ಪೆಟ್ರೋಲ್ ಹಾಕಿಸಿದ್ರೆ ಜಾಸ್ತಿ ಬರತ್ತೆ ಅಂತಾರೆ, ನಿಜಾನಾ?

ಸಿದ್ಧಾಂತ ಸರಿ, ಲಾಭ ಇಲ್ಲ. ತಣ್ಣಗಿರೋ ಪೆಟ್ರೋಲ್ ದಟ್ಟವಾಗಿರತ್ತೆ, ಅದೇ ಒಂದು ಲೀಟರಲ್ಲಿ ಜಾಸ್ತಿ ಗ್ರಾಂ ಸಿಗತ್ತೆ, ಇಲ್ಲಿ ತನಕ ಒಪ್ಪೋಣ. ಆದ್ರೆ ಬಂಕಲ್ಲಿ ಪೆಟ್ರೋಲ್ ಇರೋದು ಬಿಸಿಲಲ್ಲಿ ಅಲ್ಲ, ನೆಲದಡಿ ಹೂತಿಟ್ಟ ದೊಡ್ಡ ಟ್ಯಾಂಕಲ್ಲಿ. ಕೆಲವು ಅಡಿ ಕೆಳಗಿನ ಮಣ್ಣಿಗೆ ಬೆಳಿಗ್ಗೆ ಮಧ್ಯಾಹ್ನ ಅನ್ನೋ ಭೇದ ಹೆಚ್ಚುಕಮ್ಮಿ ಗೊತ್ತೇ ಆಗಲ್ಲ. ಸರಿ, ನಿಮ್ಮ ಮಾತಿಗೆ ಮರ್ಯಾದೆ ಕೊಟ್ಟು 2 ಡಿಗ್ರಿ ವ್ಯತ್ಯಾಸ ಇದೆ ಅಂತಾನೇ ಇಟ್ಕೊಳೋಣ, ಪೆಟ್ರೋಲ್ ಒಂದು ಡಿಗ್ರಿಗೆ ಸಾವಿರಕ್ಕೆ 1ರಿಂದ 1.2 ಭಾಗ ಹಿಗ್ಗತ್ತೆ, ಹಂಗಾದ್ರೆ 10 ಲೀಟರಿಗೆ 20-25 ಎಂಎಲ್, ದುಡ್ಡಲ್ಲಿ ಎರಡೂವರೆ ರೂಪಾಯಿ ಒಳಗೆ. ಅದಕ್ಕೋಸ್ಕರ ನಿದ್ದೆಗೆಟ್ಟು ಐದು ಗಂಟೆಗೆ ಏಳೋದಾದ್ರೆ ನಿಮ್ಮಿಷ್ಟ.

ಕೆನಡಾದಲ್ಲಿರೋ ನಮ್ಮವರು ನೋಡಿರಬಹುದು, ಅಲ್ಲಿ ಪಂಪ್ ಮೇಲೇನೇ ವಾಲ್ಯೂಮ್ 15 ಡಿಗ್ರಿಗೆ ಸರಿಹೊಂದಿಸಿದ್ದು ಅಂತ ಸ್ಟಿಕ್ಕರ್ ಇರತ್ತೆ. ಮಷೀನೇ ಟೆಂಪರೇಚರ್ ನೋಡ್ಕೊಂಡು ಲೀಟರ್ ಲೆಕ್ಕ ತಿದ್ದತ್ತೆ. ನಮ್ಮಲ್ಲಿ ಬಂಕಿನ ಪಂಪ್ ಹಂಗೆ ತಿದ್ದಲ್ಲ, ನೋಜಲಿಂದ ಬಂದಿದ್ದೇ ಲೀಟರ್.

ಬೇಸಿಗೇಲಿ ಫುಲ್ ಟ್ಯಾಂಕ್ ಮಾಡಿಸಿದ್ರೆ ಬೈಕ್ ಸ್ಫೋಟ ಆಗತ್ತಂತೆ?

ಪ್ರತಿ ಏಪ್ರಿಲ್‌ಗೆ ಈ ವಾಟ್ಸಾಪ್ ಫಾರ್ವರ್ಡ್ ಎದ್ದು ಬರತ್ತೆ, ಇಂಡಿಯನ್ ಆಯಿಲ್ ಎಚ್ಚರಿಕೆ ಕೊಟ್ಟಿದೆ ಅಂತ ಹೆಸರು ಬೇರೆ ಹಾಕಿರ್ತಾರೆ, ಆ ಕಂಪನಿನೇ ಇದು ಸುಳ್ಳು ಅಂತ ಹೇಳಿ ಆಗಿದೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನಕ್ಕೆ ಏನು ಹೇಳೋದು. ಇದರಲ್ಲಿ ನಿಜದ ಎಳೆ ಒಂದಿದೆ: ನೆಲದಡಿಯ ತಣ್ಣನೆ ಪೆಟ್ರೋಲ್ ನಿಮ್ಮ 12 ಲೀಟರ್ ಟ್ಯಾಂಕಿಗೆ ಬಂದು ಬಿಸಿಲಲ್ಲಿ 15 ಡಿಗ್ರಿ ಏರಿದ್ರೆ ಹತ್ತತ್ರ 200 ಎಂಎಲ್ ಹಿಗ್ಗತ್ತೆ. ಮುಚ್ಚಳದ ಬಾಯಿ ತನಕ ತುಂಬಿಸಿದ್ರೆ ಅದು ಸೋರಿ ಪೇಂಟ್ ಹಾಳಾಗತ್ತೆ, ವಾಸನೆ ಬರತ್ತೆ. ನೋಜಲ್ ಕಟ್ ಆದ ತಕ್ಷಣ ಸಾಕು ಅನ್ನಿ, ಇನ್ನೊಂಚೂರು ಹಾಕಿ ರೌಂಡ್ ಫಿಗರ್ ಮಾಡಿ ಅನ್ನಬೇಡಿ.

ಬಂಕಲ್ಲಿ ಬೋರ್ಡ್ ಮೇಲೆ ಡೆನ್ಸಿಟಿ ಅಂತ ಬರೆದಿರ್ತಾರೆ, ಅದನ್ನ ನಾನು ಚೆಕ್ ಮಾಡಿಸಬಹುದಾ?

ಮಾಡಿಸಬಹುದು, ಕೇಳಿದ್ರೆ ತೋರಿಸಬೇಕು. ಹೆಂಗೆ ಮಾಡ್ತಾರೆ ಅಂತ ಗೊತ್ತಿದ್ರೆ ಪಕ್ಕದಲ್ಲಿ ನಿಂತ್ಕೊಂಡು ಧೈರ್ಯವಾಗಿ ನೋಡಬಹುದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

500 ಎಂಎಲ್‌ನ ಉದ್ದನೆ ಗಾಜಿನ ಜಾರ್ ತರ್ತಾರೆ. ಅದಕ್ಕೆ ನೋಜಲಿಂದ ಪೆಟ್ರೋಲ್ ತುಂಬಿ, ಸಮತಟ್ಟಾದ ಜಾಗದಲ್ಲಿ ಇಡ್ತಾರೆ, ಗಾಳಿ ಬೀಸೋ ಕಡೆ ಇಟ್ರೆ ರೀಡಿಂಗ್ ನಿಲ್ಲಲ್ಲ. ಒಳಗೆ ಥರ್ಮಾಮೀಟರ್ ಇಳಿಬಿಟ್ಟು, ಆಮೇಲೆ ಹೈಡ್ರೋಮೀಟರ್ ಬಿಡ್ತಾರೆ, ಅದು ತಳದಲ್ಲಿ ಸೀಸದ ಗುಂಡಿರೋ, ಮೇಲೆ ಸಣ್ಣ ಕಡ್ಡಿ ಇರೋ ಗಾಜಿನ ಬುಡ್ಡಿ. ಧೊಪ್ ಅಂತ ಬಿಟ್ರೆ ಜಾರ್ ತಳ ಒಡೆಯತ್ತೆ, ಮೆಲ್ಲಗೆ ಬೆರಳಲ್ಲಿ ತಿರುಗಿಸಿ ಬಿಡ್ತಾರೆ, ಗೋಡೆಗೆ ಅಂಟಿಕೊಂಡಿದ್ರೆ ತಪ್ಪು ತೋರಿಸತ್ತೆ. ಕುಣಿಯೋದು ನಿಂತ ಮೇಲೆ ಕಣ್ಣನ್ನ ಪೆಟ್ರೋಲ್ ಮಟ್ಟಕ್ಕೇ ಇಳಿಸಿ, ಕಡ್ಡಿ ಮೇಲೆ ದ್ರವದ ಮಟ್ಟ ಯಾವ ಗೆರೆಗೆ ಬಂದಿದೆ ಅಂತ ಓದಬೇಕು. ನಿಂತ್ಕೊಂಡೇ ಮೇಲಿಂದ ಬಗ್ಗಿ ಓದೋನನ್ನ ನಂಬಬೇಡಿ.

ಈಗ ಮುಖ್ಯ ವಿಷಯ. ರೀಡಿಂಗ್ 730 ಬಂತು, ಬೋರ್ಡ್ ಮೇಲೆ 745 ಅಂತಿದೆ ಅನ್ಕೊಳಿ. ಸುಮಾರು ಜನ ಇಲ್ಲೇ ಜಗಳ ಶುರು ಮಾಡ್ತಾರೆ, 15 ಕಮ್ಮಿ ಇದೆ, ಕಲಬೆರಕೆ ಅಂತ. ಬೋರ್ಡ್‌ನದ್ದು 15 ಡಿಗ್ರಿಗೆ ಇಳಿಸಿದ ಲೆಕ್ಕ, ನಿಮ್ಮ ಜಾರಲ್ಲಿ ಇರೋದು 32 ಡಿಗ್ರಿ ಪೆಟ್ರೋಲ್. ಪೆಟ್ರೋಲ್ ಒಂದು ಡಿಗ್ರಿಗೆ ಹತ್ತತ್ರ 0.9 ಇಳಿಯತ್ತೆ, 17 ಡಿಗ್ರಿಗೆ 15 ಆಯ್ತಲ್ಲ, ಅಲ್ಲಿಗೆ ಎರಡೂ ಒಂದೇ. ಬಂಕಲ್ಲಿ ಈ ಗುಣಾಕಾರ ಮಾಡಲ್ಲ, ಒಂದು ಟೇಬಲ್ ಪುಸ್ತಕ ಇರತ್ತೆ, ಒಂದು ಕಡೆ ಟೆಂಪರೇಚರ್, ಇನ್ನೊಂದು ಕಡೆ ನೋಡಿದ ಡೆನ್ಸಿಟಿ, ಎರಡೂ ಸೇರೋ ಕಡೆ 15 ಡಿಗ್ರಿಯ ಡೆನ್ಸಿಟಿ. ಆ ಸಂಖ್ಯೆ ರಿಜಿಸ್ಟರಲ್ಲಿ ಬರೆದಿದ್ದಕ್ಕಿಂತ 3ಕ್ಕಿಂತ ಜಾಸ್ತಿ ಆಕಡೆ ಈಕಡೆ ಹೋದ್ರೆ ಆಗ ಪ್ರಶ್ನೆ ಕೇಳಿ.

ಡೀಸೆಲ್ ಇದಕ್ಕಿಂತ ದಟ್ಟ, ಸುಮಾರು 820ರಿಂದ ಮೇಲಕ್ಕೆ, ಡಿಗ್ರಿಗೆ 0.7ರ ಆಸುಪಾಸು ಇಳಿಯತ್ತೆ.

ಡೆನ್ಸಿಟಿ ಸರಿ ಬಂದ್ರೆ ಕಲಬೆರಕೆ ಇಲ್ಲ ಅಂತ ಗ್ಯಾರಂಟಿನಾ?

ಗ್ಯಾರಂಟಿ ಇಲ್ಲ. ಹಗುರದ್ದು ಒಂದು, ಭಾರದ್ದು ಒಂದು ಲೆಕ್ಕ ಹಾಕಿ ಬೆರೆಸಿದ್ರೆ ಡೆನ್ಸಿಟಿ ಮತ್ತೆ ಅಲ್ಲಿಗೇ ಬಂದು ನಿಲ್ಲತ್ತೆ. ಹಾಲಲ್ಲೂ ಇದೇ ಆಟ, ಕೆಳಗೆ ಬರ್ತೀನಿ. ಅದಕ್ಕೇ ಫಿಲ್ಟರ್ ಪೇಪರ್ ಟೆಸ್ಟ್ ಅಂತ ಇನ್ನೊಂದು ಇದೆ, ಒಂದು ಹನಿ ಬಿಟ್ರೆ ಆರಿ ಹೋಗಬೇಕು, ಕಲೆ ಉಳೀಬಾರದು. ಅಳತೆ ಕಮ್ಮಿ ಅನ್ನಿಸಿದ್ರೆ ಅದಕ್ಕೆ ಡೆನ್ಸಿಟಿ ಉಪಯೋಗ ಇಲ್ಲ, ಸೀಲ್ ಇರೋ 5 ಲೀಟರ್ ಅಳತೆ ಪಾತ್ರೆ ಕೇಳಿ.

ಡೈರಿಲಿ ಲ್ಯಾಕ್ಟೋಮೀಟರ್ ರೀಡಿಂಗ್ ಕಮ್ಮಿ ಬಂತು, ನೀರು ಹಾಕಿದ್ದೀಯ ಅಂದ್ರು. ನಾವು ಹಾಕಿಲ್ಲ. ಏನಾಗಿರಬಹುದು?

ಮೊದಲ ಅನುಮಾನ ಟೆಂಪರೇಚರ್ ಮೇಲೇ ಇಡಿ. ಲ್ಯಾಕ್ಟೋಮೀಟರ್ ಅಂದ್ರೂ ಹೈಡ್ರೋಮೀಟರೇ, ಹಾಲಿಗೆ ಅಂತ ಗೆರೆ ಹಾಕಿರೋದು. 28 ಅಂತ ತೋರಿಸಿದ್ರೆ ಹಾಲಿನ ಡೆನ್ಸಿಟಿ ನೀರಿನ 1ಕ್ಕೆ 1.028 ಅಂತ ಅರ್ಥ. ಆದ್ರೆ ಈ ಗೆರೆಗಳು ಒಂದು ನಿರ್ದಿಷ್ಟ ಟೆಂಪರೇಚರಿಗೆ ಮಾತ್ರ ಸರಿ, ಐಎಸ್‌ಐ ಗುರುತಿನದ್ದು 27 ಡಿಗ್ರಿಗೆ, ಹಳೇ ಕಾಲದ್ದು 60 ಫ್ಯಾರನ್‌ಹೀಟಿಗೆ, ಅಂದ್ರೆ 15.5 ಡಿಗ್ರಿಗೆ. ಉಪಕರಣದ ಕಡ್ಡಿ ಮೇಲೇ ಬರೆದಿರತ್ತೆ, ಯಾರೂ ಓದಲ್ಲ ಅಷ್ಟೇ.

ಕರೆದ ಹಾಲು ಹಸುವಿನ ಮೈ ಬಿಸಿಯಲ್ಲೇ ಬರತ್ತೆ, 38 ಡಿಗ್ರಿ ಹತ್ರ. ಕ್ಯಾನ್ ಎತ್ಕೊಂಡು ಡೈರಿಗೆ ಬರೋ ಹೊತ್ತಿಗೆ ಇಳಿದು 32 ಆಗಿದೆ ಅಂತಿಟ್ಕೊಳಿ. ಬಿಸಿ ಹಾಲು ಹಗುರ, ಅದರಲ್ಲಿ ಲ್ಯಾಕ್ಟೋಮೀಟರ್ ಜಾಸ್ತಿ ಮುಳುಗತ್ತೆ, ರೀಡಿಂಗ್ ಕಮ್ಮಿ ತೋರಿಸತ್ತೆ. ತಿದ್ದೋ ಲೆಕ್ಕ ಸುಲಭ: ಗೆರೆ ಹಾಕಿದ ಟೆಂಪರೇಚರಿಗಿಂತ ಪ್ರತಿ ಒಂದು ಡಿಗ್ರಿ ಜಾಸ್ತಿ ಇದ್ರೆ 0.2 ಸೇರಿಸಿ, ಕಮ್ಮಿ ಇದ್ರೆ 0.2 ಕಳೀರಿ. 27 ಡಿಗ್ರಿ ಲ್ಯಾಕ್ಟೋಮೀಟರಲ್ಲಿ 32 ಡಿಗ್ರಿ ಹಾಲು 27 ತೋರಿಸಿದ್ರೆ, 5 ಡಿಗ್ರಿಗೆ 1 ಸೇರಿಸಿ ನಿಜವಾದ್ದು 28. ಈ ತಿದ್ದಿದ ಸಂಖ್ಯೆಗೇ ಸಿಎಲ್‌ಆರ್ ಅನ್ನೋದು.

ಇದು ಬರೀ ಮರ್ಯಾದೆ ಪ್ರಶ್ನೆ ಅಲ್ಲ, ದುಡ್ಡಿನ ಪ್ರಶ್ನೆ. ಎಸ್‌ಎನ್‌ಎಫ್ (ಹಾಲಲ್ಲಿ ಫ್ಯಾಟ್ ಬಿಟ್ಟು ಉಳಿದ ಗಟ್ಟಿ ಅಂಶ) ಲೆಕ್ಕದಲ್ಲಿ ಸಿಎಲ್‌ಆರನ್ನ 4ರಿಂದ ಭಾಗಿಸಿ ಅದಕ್ಕೆ ಫ್ಯಾಟ್ ಭಾಗ ಸೇರಿಸ್ತಾರೆ, ಹಂಗಾಗಿ ಸಿಎಲ್‌ಆರ್ 1 ಕಮ್ಮಿ ಹಿಡಿದ್ರೆ ಎಸ್‌ಎನ್‌ಎಫ್ 0.25 ಕಮ್ಮಿ ಬೀಳತ್ತೆ. 8.5 ಬರಬೇಕಾದ ಹಾಲು 8.25 ಆಗಿ ರೇಟ್ ಇಳಿಯತ್ತೆ, ಒಂದು ತೊಟ್ಟು ನೀರು ಹಾಕದೇನೇ. ಥರ್ಮಾಮೀಟರ್ ಇಲ್ದೇ ಲ್ಯಾಕ್ಟೋಮೀಟರ್ ಒಂದೇ ಇಟ್ಕೊಂಡು ತೀರ್ಪು ಕೊಡೋರು ಯಾರೇ ಆಗಿರಲಿ, ಟೆಂಪರೇಚರ್ ಎಷ್ಟು ಬರ್ಕೊಂಡ್ರಿ ಅಂತ ಕೇಳೋ ಹಕ್ಕು ಹಾಲು ಹಾಕೋರಿಗೆ ಇದೆ. ಈಗ ಸುಮಾರು ಸೊಸೈಟಿಗಳಲ್ಲಿ ಎಲೆಕ್ಟ್ರಾನಿಕ್ ಅನಲೈಸರ್ ಬಂದಿದೆ, ಅಲ್ಲಿ ಈ ಗೋಳು ಕಮ್ಮಿ.

ಇನ್ನೊಂದು ಸೂಕ್ಷ್ಮ ಇದೆ. ಈಗಷ್ಟೇ ಕರೆದ ಹಾಲನ್ನ ತಕ್ಷಣ ಅಳೆದ್ರೆ, ಟೆಂಪರೇಚರ್ ತಿದ್ದಿದ ಮೇಲೂ ರೀಡಿಂಗ್ ಒಂಚೂರು ಕಮ್ಮಿನೇ ಇರತ್ತೆ, ಕೆಲವು ಗಂಟೆ ಆದ್ಮೇಲೆ ತಾನಾಗೇ ಏರತ್ತೆ. ನೊರೆಯ ಸಣ್ಣ ಗುಳ್ಳೆಗಳು ಹೊರಗೆ ಹೋಗ್ತವೆ, ಕರಗಿದ್ದ ಕೊಬ್ಬು ಗಟ್ಟಿಯಾಗಿ ಕುಗ್ಗತ್ತೆ, ಅದಕ್ಕೆ. ರೆಕ್‌ನಾಗೆಲ್ ಅನ್ನೋ ವಿಜ್ಞಾನಿ ಹೆಸರಲ್ಲಿ ಇದನ್ನ ಕರೀತಾರೆ.

ಮತ್ತೆ ಆಟದ ವಿಷಯ: ಕೆನೆ ಹಗುರ, ಅದನ್ನ ತೆಗೆದ್ರೆ ಉಳಿದ ಹಾಲು ದಟ್ಟ ಆಗತ್ತೆ. ನೀರು ಹಾಕಿದ್ರೆ ಹಗುರ ಆಗತ್ತೆ. ಎರಡೂ ಹದವಾಗಿ ಮಾಡಿದ್ರೆ ಲ್ಯಾಕ್ಟೋಮೀಟರ್ ಏನೂ ಆಗಿಲ್ಲ ಅನ್ನತ್ತೆ. ಅದಕ್ಕೇ ಫ್ಯಾಟ್ ಬೇರೆ ಅಳೆಯೋದು.

ನೀರು 4 ಡಿಗ್ರಿಲಿ ವಿಚಿತ್ರವಾಗಿ ಆಡತ್ತೆ ಅಂತ ಓದಿದ್ದೆ, ಸ್ವಲ್ಪ ಬಿಡಿಸಿ ಹೇಳಿ

ನೀರು 30 ಡಿಗ್ರಿಲಿ 995.65, ತಣ್ಣಗೆ ಮಾಡ್ತಾ ಹೋದ್ರೆ ಎಲ್ಲರ ಥರಾನೇ ದಟ್ಟ ಆಗ್ತಾ ಹೋಗತ್ತೆ, 4 ಡಿಗ್ರಿ ಹತ್ರ 999.97 ಮುಟ್ಟತ್ತೆ. ಅಲ್ಲಿಂದ ಕೆಳಗೆ ಉಲ್ಟಾ, ಇನ್ನೂ ತಣ್ಣಗೆ ಮಾಡಿದ್ರೆ ಹಿಗ್ಗೋಕೆ ಶುರು, 0 ಡಿಗ್ರಿಲಿ 999.84. ಐಸ್ ಆದ ತಕ್ಷಣ ದೊಡ್ಡ ಜಿಗಿತ, 917ಕ್ಕೆ ಬಂದುಬಿಡತ್ತೆ. ನೀರಿನ ಕಣಗಳು ಹೈಡ್ರೋಜನ್ ಬಾಂಡ್ ಹಿಡ್ಕೊಂಡು ಐಸಲ್ಲಿ ಒಳಗೆ ಖಾಲಿ ಜಾಗ ಬಿಟ್ಟು ಷಟ್ಕೋನದ ಕಟ್ಟಡ ಕಟ್ಟತ್ವೆ, ಆ ಕಟ್ಟಡದ ತಯಾರಿ 4 ಡಿಗ್ರಿಯಿಂದ ಕೆಳಗೆ ಒಳಗೊಳಗೇ ಮೇಲುಗೈ ಆಗತ್ತೆ.

ಸ್ಕಾಟ್ಲೆಂಡಿನ ಥಾಮಸ್ ಹೋಪ್ 1805ರಲ್ಲಿ ಇದನ್ನ ತೋರಿಸಿದ್ದು ಎಷ್ಟು ಸರಳವಾಗಿ ಅಂದ್ರೆ, ಪಿಯುಸಿ ಓದಿದವರಿಗೆ ಹೋಪ್ ಅಪರೇಟಸ್ ನೆನಪಿರಬಹುದು. ಉದ್ದನೆ ಪಾತ್ರೆಲಿ ನೀರು, ಮೇಲೊಂದು ಕೆಳಗೊಂದು ಥರ್ಮಾಮೀಟರ್, ಸೊಂಟದ ಸುತ್ತ ಐಸು ಉಪ್ಪಿನ ಪಟ್ಟಿ. ಮೊದಲು ಕೆಳಗಿನ ಥರ್ಮಾಮೀಟರ್ ಇಳಿದು 4ರಲ್ಲಿ ನಿಂತುಬಿಡತ್ತೆ, ಮೇಲಿನದ್ದು ಅಲುಗಾಡಲ್ಲ. ಆಮೇಲೆ ಮೇಲಿನದ್ದು ಇಳಿಯೋಕೆ ಶುರು ಮಾಡಿ, 4ನ್ನೂ ದಾಟಿ 0ಗೆ ಹೋಗತ್ತೆ, ಕೆಳಗಿನದ್ದು ಮಾತ್ರ 4ರಲ್ಲೇ ಕೂತಿರತ್ತೆ. ಶ್ರೀನಗರದ ದಾಲ್ ಸರೋವರ ಚಳಿಗಾಲದಲ್ಲಿ ಮೇಲೆ ಹೆಪ್ಪುಗಟ್ಟಿದ್ರೂ ಕೆಳಗೆ ಮೀನು ಬದುಕಿರೋದು ಇದರಿಂದಾನೇ.

ಸಮುದ್ರದ ನೀರಿಗೆ ಈ ನಿಯಮ ಹಚ್ಚಬೇಡಿ, ಅಷ್ಟು ಉಪ್ಪಿದ್ರೆ ಹೆಪ್ಪುಗಟ್ಟೋ ತನಕ ದಟ್ಟ ಆಗ್ತಾನೇ ಹೋಗತ್ತೆ.

ಐಸ್ ನೀರಲ್ಲಿ ತೇಲತ್ತೆ, ಗಟ್ಟಿ ತುಪ್ಪ ಮಾತ್ರ ಕರಗಿದ ತುಪ್ಪದಲ್ಲಿ ಯಾಕೆ ತಳಕ್ಕೆ ಹೋಗತ್ತೆ?

ಯಾಕಂದ್ರೆ ತುಪ್ಪದ್ದು ಮಾಮೂಲಿ ನಡತೆ, ನೀರಿನದ್ದೇ ವಿಶೇಷ. ಬಹುತೇಕ ಎಲ್ಲ ವಸ್ತುಗಳೂ ಗಟ್ಟಿಯಾದಾಗ ಕುಗ್ಗಿ ದಟ್ಟ ಆಗತ್ವೆ. ಡಿಸೆಂಬರಲ್ಲಿ ಬೆಂಗಳೂರಲ್ಲೋ ಮಡಿಕೇರಿಲೋ ಕೊಬ್ಬರಿ ಎಣ್ಣೆ ಬಾಟಲಿ ನೋಡಿ, 24-25 ಡಿಗ್ರಿಗಿಂತ ಕೆಳಗೆ ಬಂದ್ರೆ ಬಿಳಿ ಬಿಳಿ ಗಟ್ಟಿ ಆಗತ್ತೆ, ಅರ್ಧ ಕರಗಿದ ಹೊತ್ತಲ್ಲಿ ನೋಡಿದ್ರೆ ಗಟ್ಟಿ ಭಾಗ ಕೆಳಗೆ, ತಿಳಿ ಮೇಲೆ. ತುಪ್ಪದ ಮರಳು ಮರಳು ಕಾಳೂ ಹಂಗೇ ಕೆಳಗೆ ಕೂರತ್ತೆ. ನೀರಿನ ಪಕ್ಷಕ್ಕೆ ಸೇರಿದವು ಕೆಲವೇ ಇವೆ: ಬಿಸ್ಮತ್, ಗ್ಯಾಲಿಯಂ, ಜರ್ಮೇನಿಯಂ, ಮತ್ತೆ ನಮ್ಮ ಚಿಪ್‌ಗಳ ಸಿಲಿಕಾನ್. ಗಾಜಿನ ಬಾಟಲಿಗೆ ನೀರು ತುಂಬಿ ಫ್ರೀಜರಲ್ಲಿ ಇಡಬೇಡಿ, 9 ಪರ್ಸೆಂಟ್ ಹಿಗ್ಗತ್ತೆ, ಬಾಟಲಿ ಕೇಳಲ್ಲ.

ಮುಚ್ಚಿದ ಸಿಲಿಂಡರಲ್ಲಿ ಗ್ಯಾಸ್ ಬಿಸಿ ಮಾಡಿದ್ರೆ ಡೆನ್ಸಿಟಿ ಎಷ್ಟು ಕಮ್ಮಿ ಆಗತ್ತೆ?

ಕಮ್ಮಿನೇ ಆಗಲ್ಲ! ಪರೀಕ್ಷೇಲಿ ಮಕ್ಕಳು ಎಡವೋದು ಇಲ್ಲೇ. ಮಾಸ್ ಅಷ್ಟೇ, ಸಿಲಿಂಡರ್ ಗೋಡೆ ಗಟ್ಟಿ ಇರೋದ್ರಿಂದ ವಾಲ್ಯೂಮೂ ಅಷ್ಟೇ, ಡೆನ್ಸಿಟಿ ಎಲ್ಲಿಗೆ ಹೋಗತ್ತೆ. ಪ್ರೆಷರ್ ಏರತ್ತೆ. ಬಿಸಿ ಆದ್ರೆ ಡೆನ್ಸಿಟಿ ಇಳಿಯತ್ತೆ ಅನ್ನೋ ಮಾತು ಹಿಗ್ಗೋಕೆ ಜಾಗ ಇದ್ರೆ ಮಾತ್ರ.

ಅಡುಗೆ ಗ್ಯಾಸ್ ಇನ್ನೂ ಮಜಾ, ಅದರಲ್ಲಿ ದ್ರವಾನೂ ಇದೆ, ಮೇಲೆ ಆವಿನೂ ಇದೆ. ಬಿಸಿ ಆದಾಗ ದ್ರವ ಹಿಗ್ಗಿ ಹಗುರ ಆಗತ್ತೆ, ಮೇಲಿನ ಆವಿಗೆ ಇನ್ನಷ್ಟು ಅಣುಗಳು ಸೇರಿ ಅದು ದಟ್ಟ ಆಗತ್ತೆ, ಒಂದೇ ಡಬ್ಬದಲ್ಲಿ ಎರಡು ಉಲ್ಟಾ ಕೆಲಸ. ಮನೆಯ 14.2 ಕೆಜಿ ಸಿಲಿಂಡರಿಗೆ 33.3 ಲೀಟರ್ ನೀರು ಹಿಡಿಯೋ ಜಾಗ ಇದೆ, ದ್ರವ ತುಂಬೋದು ಸುಮಾರು ಐದರಲ್ಲಿ ನಾಲ್ಕು ಭಾಗ ಮಾತ್ರ. ಉಳಿದ ಜಾಗ ಮೋಸ ಅಲ್ಲ, ಬೇಸಿಗೆಗೆ ಬಿಟ್ಟಿರೋದು. ತೂಕದಲ್ಲಿ ಮಾರೋದ್ರಿಂದ ಟೆಂಪರೇಚರ್ ತಕರಾರೂ ಇಲ್ಲ, ಬಂದವರ ಹತ್ರ ತೂಕ ಹಾಕಿಸಿ ತಗೊಳಿ.

ಬಿಸಿಲು ಜಾಸ್ತಿ ಇದ್ರೆ ವಿಮಾನ ಹಾರಲ್ವಾ?

ಹಾರತ್ತೆ, ಆದ್ರೆ ಕಷ್ಟಪಡತ್ತೆ. ರೆಕ್ಕೆಗೆ ಎತ್ತೋ ಬಲ ಸಿಗೋದು ಗಾಳಿಯನ್ನ ಕೆಳಗೆ ತಳ್ಳೋದ್ರಿಂದ, ಇಂಜಿನ್ ನುಂಗೋದೂ ಗಾಳಿನೇ, ಬಿಸಿ ಗಾಳಿ ತೆಳು, ಎರಡು ಕಡೆಯಿಂದಲೂ ಹೊಡೆತ. ಪೈಲಟ್‌ಗಳು ಇದನ್ನ ಡೆನ್ಸಿಟಿ ಆಲ್ಟಿಟ್ಯೂಡ್ ಅಂತ ಲೆಕ್ಕ ಹಾಕ್ತಾರೆ. ನಮ್ಮ ಕೆಂಪೇಗೌಡ ಏರ್‌ಪೋರ್ಟ್ ಮೊದಲೇ 3000 ಅಡಿ ಎತ್ತರದಲ್ಲಿದೆ, ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಆದಾಗ ಅಲ್ಲಿನ ಗಾಳಿ ಕ್ಯೂಬಿಕ್ ಮೀಟರಿಗೆ 1.03 ಕೆಜಿ ಹತ್ರ ಬರತ್ತೆ, ವಿಮಾನಕ್ಕೆ ಅದು 6000 ಅಡಿ ಮೇಲೆ ನಿಂತಂಗೆ ಅನ್ನಿಸತ್ತೆ. ಅಲ್ಲಿ 4000 ಮೀಟರ್ ರನ್‌ವೇ ಇರೋದ್ರಿಂದ ನಮಗೆ ಗೊತ್ತಾಗಲ್ಲ. ಲೇಹ್ 10,600 ಅಡಿ ಮೇಲಿದೆ, ಅಲ್ಲಿ ಫ್ಲೈಟ್ ಹೆಚ್ಚಾಗಿ ಬೆಳಿಗ್ಗೆನೇ, ಮಧ್ಯಾಹ್ನದ ಗಾಳಿ ಹೊಡೆತ ಒಂದು ಕಾರಣ, ಈ ತೆಳು ಗಾಳಿ ಇನ್ನೊಂದು.

2017ರ ಜೂನಲ್ಲಿ ಅಮೆರಿಕದ ಫೀನಿಕ್ಸಲ್ಲಿ 48 ಡಿಗ್ರಿ ದಾಟಿದಾಗ ಸಣ್ಣ ರೀಜನಲ್ ಜೆಟ್‌ಗಳ ಹತ್ತಾರು ಫ್ಲೈಟ್ ಕ್ಯಾನ್ಸಲ್ ಆದ್ವು. ಆ ವಿಮಾನಗಳಿಗೆ ತಯಾರಕರು ಕೊಟ್ಟಿದ್ದ ಮಿತಿನೇ 48 ಡಿಗ್ರಿ ಹತ್ರ ಮುಗೀತಿತ್ತು, ದೊಡ್ಡ ವಿಮಾನಗಳು ಹಾರ್ತಾನೇ ಇದ್ವು.

ಚಿನ್ನಸ್ವಾಮಿಲಿ ಸಿಕ್ಸ್ ಜಾಸ್ತಿ ಯಾಕೆ ಅಂತಾನೂ ಇದರ ಜೊತೆ ಕೇಳ್ತಾರೆ. ಎತ್ತರದಿಂದ ಚೆನ್ನೈಗಿಂತ ಗಾಳಿ ಹತ್ತು ಪರ್ಸೆಂಟ್ ತೆಳು ಇರೋದು ನಿಜ, ಹತ್ತು ಡಿಗ್ರಿ ಬಿಸಿ ಏರಿದ್ರೆ ತೆಳು ಆಗೋದು 3 ಪರ್ಸೆಂಟ್ ಅಷ್ಟೇ, ಹಂಗಾಗಿ ಕ್ರೆಡಿಟ್ ಎತ್ತರಕ್ಕೆ ಹೋಗಬೇಕು, ಆಮೇಲೆ ಚಿಕ್ಕ ಬೌಂಡರಿಗೆ.

ತೇವ ಇರೋ ಗಾಳಿ ಭಾರ ಅಲ್ವಾ?

ಅಲ್ಲ, ಹಗುರ. ನೀರಾವಿಯ ಅಣು ತೂಕ 18, ಗಾಳಿಯದ್ದು ಸರಾಸರಿ 29. ಮಂಗಳೂರಿನ ಮೇ ತಿಂಗಳ ಗಾಳಿ ಮೈಗೆ ಭಾರ ಅನ್ನಿಸೋದು ಬೆವರು ಆರದೇ ಇರೋದಕ್ಕೆ.

ಘನವಸ್ತುಗಳಲ್ಲಿ ಅಷ್ಟು ಕಮ್ಮಿ ಬದಲಾವಣೆ ಅಂದ್ರೆ ತಲೆ ಕೆಡಿಸ್ಕೋಬೇಕಾ?

ಡೆನ್ಸಿಟಿಗೆ ಬೇಡ, ಉದ್ದಕ್ಕೆ ಬೇಕು. 1 ಕಿಲೋಮೀಟರ್ ಉಕ್ಕಿನ ಹಳಿ 30 ಡಿಗ್ರಿ ಏರಿದ್ರೆ 36 ಸೆಂಟಿಮೀಟರ್ ಬೆಳೆಯೋಕೆ ನೋಡತ್ತೆ, ಫ್ಲೈಓವರ್ ಮೇಲೆ ಟಪ್ ಟಪ್ ಅನ್ನೋ ಜಾಯಿಂಟ್ ಇಟ್ಟಿರೋದೂ ಇಂಥದ್ದಕ್ಕೇ. ಕಾಂಕ್ರೀಟೂ ಉಕ್ಕೂ ಹೆಚ್ಚುಕಮ್ಮಿ ಒಂದೇ ದರದಲ್ಲಿ ಹಿಗ್ಗೋದು ನಮ್ಮ ಅದೃಷ್ಟ, ಇಲ್ದಿದ್ರೆ ಕಂಬಿ ಹಾಕಿದ ತಾರಸಿ ಯಾವುದೂ ಉಳೀತಿರಲಿಲ್ಲ. ಹಿಗ್ಗದೇ ಇರೋ ಲೋಹ ಬೇಕು ಅಂತ ಹುಡುಕಿ ನಿಕ್ಕಲ್ ಕಬ್ಬಿಣದ ಇನ್ವಾರ್ ಕಂಡುಹಿಡಿದ ಗಿಯೋಮ್‌ಗೆ 1920ರ ಫಿಸಿಕ್ಸ್ ನೊಬೆಲ್ ಬಂತು.

ಸಮುದ್ರ ಮಟ್ಟ ಏರೋದಕ್ಕೂ ಇದಕ್ಕೂ ಸಂಬಂಧ ಇದ್ಯಾ?

ಇದೆ, ಅದೂ ದೊಡ್ಡದು. ಎಲ್ಲರೂ ಹಿಮ ಕರಗೋದನ್ನೇ ಹೇಳ್ತಾರೆ, ಆದ್ರೆ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಆರನೇ ವರದಿ ಪ್ರಕಾರ 1971ರಿಂದ 2018ರ ನಡುವೆ ಏರಿದ್ದರಲ್ಲಿ ಅರ್ಧದಷ್ಟು ಬರೀ ನೀರು ಬಿಸಿಯಾಗಿ ಹಿಗ್ಗಿದ್ದರಿಂದ. ಒಂದು ಹನಿ ಹೊಸ ನೀರು ಸೇರದೇ ಇದ್ರೂ ಸಮುದ್ರ ಏರತ್ತೆ, ಕಾರವಾರಕ್ಕೂ ಉಳ್ಳಾಲಕ್ಕೂ ಇದು ಅನ್ವಯ ಆಗತ್ತೆ.

ಪಿಯುಸಿ ಲೆಕ್ಕಕ್ಕೆ ಫಾರ್ಮುಲಾ ಹೇಳ್ಬಿಡಿ

ಹೊಸ ಡೆನ್ಸಿಟಿ = ಹಳೇ ಡೆನ್ಸಿಟಿ ÷ (1 + ಗ್ಯಾಮಾ × ಟೆಂಪರೇಚರ್ ವ್ಯತ್ಯಾಸ). ಗ್ಯಾಮಾ ಅಂದ್ರೆ ವಾಲ್ಯೂಮ್ ಹಿಗ್ಗೋ ದರ. ಘನವಸ್ತುಗೆ ಉದ್ದದ ದರ ಆಲ್ಫಾ ಕೊಟ್ಟಿದ್ರೆ ಮೂರರಿಂದ ಗುಣಿಸ್ಕೊಳಿ, ಇದನ್ನ ಮರೆತು ಮಾರ್ಕ್ಸ್ ಕಳ್ಕೊಳೋರು ಬೇಜಾನ್ ಜನ. ಗ್ಯಾಸ್‌ಗೆ ಪ್ರೆಷರ್ ಒಂದೇ ಇದ್ರೆ ಕೆಲ್ವಿನ್ ಟೆಂಪರೇಚರಿಗೆ ವಿಲೋಮ, ಸೆಲ್ಸಿಯಸ್ ಹಾಕಿದ್ರೆ ಸೊನ್ನೆ ಮಾರ್ಕ್ಸ್. ನೀರಿಗೆ 0ರಿಂದ 10 ಡಿಗ್ರಿ ಮಧ್ಯ ಈ ಫಾರ್ಮುಲಾ ಹಾಕಲೇಬೇಡಿ.

ಯುಪಿಎಸ್ ಬ್ಯಾಟರಿ ಹೈಡ್ರೋಮೀಟರಿಗೂ ಟೆಂಪರೇಚರ್ ತಿದ್ದಬೇಕಾ?

ಹೌದು, ಬ್ಯಾಟರಿ ಅಂಗಡಿಯವರು ಹೇಳಲ್ಲ. ಆಸಿಡ್ ಗ್ರಾವಿಟಿ (ನೀರಿನ ಡೆನ್ಸಿಟಿ 1 ಅಂದ್ರೆ ಆಸಿಡ್‌ದು ಎಷ್ಟು ಅನ್ನೋ ಲೆಕ್ಕ) ನಮ್ಮಲ್ಲಿ 27 ಡಿಗ್ರಿಗೆ ಲೆಕ್ಕ, ಪೂರ್ತಿ ಚಾರ್ಜ್ ಆದಾಗ ಮಾಡೆಲ್ ನೋಡ್ಕೊಂಡು 1.240ರಿಂದ 1.280 ಇರಬೇಕು. ಪ್ರತಿ ಡಿಗ್ರಿ ಜಾಸ್ತಿಗೆ 0.0007 ಸೇರಿಸಿ. ಚಾರ್ಜ್ ಆಗಿ ಬಿಸಿಯಾಗಿರೋ ಬ್ಯಾಟರಿ 40 ಡಿಗ್ರಿಲಿ 1.231 ತೋರಿಸಿದ್ರೆ ಅದು ನಿಜವಾಗ್ಲೂ 1.240, ಸೆಲ್ ವೀಕ್ ಆಗಿದೆ ಅಂತ ಹೊಸದು ತಗೊಳೋಕೆ ಹೋಗಬೇಡಿ. ನೀರು ಹಾಕಿದ ತಕ್ಷಣ ಅಳೆಯೋದೂ ಬೇಡ, ಡಿಸ್ಟಿಲ್ಡ್ ವಾಟರ್ ಹಗುರ, ಆಸಿಡ್ ಮೇಲೆ ಪದರ ಆಗಿ ಕೂತಿರತ್ತೆ, ಕೆಲವು ಗಂಟೆ ಚಾರ್ಜ್ ಆಗಿ ಬೆರೆತ ಮೇಲೆ ನೋಡಿ.